ಚೀಲಕ್ಕೆ ಹಿಡಿಯುವ ಡಿ.ಜೆ. ಸೆಟ್ಟು: ಪುಟ್ಟಿಗೆ ದೊಡ್ಡಪ್ಪನ ಪತ್ರ

ದಾವಣಗೆರೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ಟ್ಯಾಬ್ ಇಟ್ಕೊಂಡು ಡಿ.ಜೆ. ಆಗ್ತೀನಿ ಅಂತ ನೀನು ಕಳಿಸಿದ ಸಾಮಾನಿನ ಪಟ್ಟಿ ಓದಿದೆ. ಹಾಡು ಮಿಕ್ಸ್ ಮಾಡೋ ಗುಂಡಿಗಳ ಹಲಗೆ, ಅಂದ್ರೆ ಕಂಟ್ರೋಲರು ಎರಡು, ಬೆರಳಲ್ಲಿ ತಟ್ಟಿ ಸದ್ದು ಮಾಡೋ ಪ್ಯಾಡು ಒಂದು, ಬ್ಲೂಟೂತ್ ಹೆಡ್‌ಫೋನು, ಬಣ್ಣ ಬದಲಾಯಿಸೋ ಲೈಟು, ಎಲ್ಲ ಇದೆ. ಕೇಬಲ್ ಮಾತ್ರ ಒಂದೂ ಇಲ್ಲ. ಮೈಕ್‌ಸೆಟ್ ಅಂಗಡಿ ಇಟ್ಟು ಬದುಕಿದವನ ಕಣ್ಣಿಗೆ ಮೊದಲು ಬೀಳೋದು ಅದೇ. ನಿಮ್ಮಪ್ಪ ಫೋನ್ ಮಾಡಿ, "ಅಣ್ಣಾ, ನಿನ್ನ ಮಾತಾದ್ರೂ ಕೇಳ್ತಾಳೆ, ಈ ಹುಚ್ಚು ಬಿಡಿಸು" ಅಂದ. ನಾನು ಬಿಡಿಸೋಕೆ ಹೋಗಲ್ಲ. ವಾರವಿಡೀ ಆಫೀಸು ಮುಗಿಸಿ, ಶನಿವಾರ ಸಂಜೆ ಯಾರದೋ ರಿಸೆಪ್ಷನ್‌ಗೋ ಹುಟ್ಟುಹಬ್ಬಕ್ಕೋ ಹಾಡು ಹಾಕಿ ನಾಲ್ಕು ಕಾಸು ಮಾಡ್ಕೊಂಡರೆ ಯಾರಿಗೇನು ನಷ್ಟ? ನಮ್ಮ ಕಾಲದಲ್ಲಿ ಇದೇ ಕೆಲಸಕ್ಕೆ ರೆಕಾರ್ಡ್ ಪ್ಲೇಯರು, ಅಹುಜಾ ಆಂಪ್ಲಿಫೈಯರು, ಹಾರ್ನು, ವೈರಿನ ಸುರುಳಿ ಅಂತ ಒಂದು ಗಾಡಿಯೇ ತುಂಬೋದು. ನಿನ್ನ ಸೆಟ್ಟು ಬೆನ್ನಿಗೆ ಹಾಕ್ಕೊಂಡು ಬಸ್ ಹತ್ತುತ್ತೆ. ನನಗಂತೂ ಹೊಟ್ಟೆಕಿಚ್ಚು.

ಆದರೆ ಒಂದು ಲೆಕ್ಕ ತಿಳ್ಕೊ. ಆ ಗಾಡಿ ತುಂಬೋ ಸೆಟ್ಟಿನಲ್ಲಿ ಒಂದು ಕೆಟ್ಟರೆ ಇನ್ನೊಂದು ಇರ್ತಿತ್ತು. ಒಂದು ಡೆಕ್ ನಿಂತರೆ ಪಕ್ಕದ್ದು ಓಡ್ತಿತ್ತು. ನಿನ್ನದರಲ್ಲಿ ಟ್ಯಾಬ್ ಒಂದೇ, ಅದಕ್ಕಿರೋ ಯುಎಸ್‌ಬಿ ತೂತು ಒಂದೇ, ಅದಕ್ಕೆ ಸಿಕ್ಕಿಸೋ ವೈರೂ ಒಂದೇ. ಯಾವುದು ಕೈಕೊಟ್ಟರೂ ಇಡೀ ಛತ್ರ ಗಪ್‌ಚುಪ್. ಹಾಗಾಗಿ ಕೈಯಲ್ಲಿರೋ ದುಡ್ಡು ಮೊದಲು ಸೌಂಡ್ ಹೋಗೋ ದಾರಿಗೆ ಹೋಗಲಿ. ಲೈಟು, ಪ್ಯಾಡು ಆಮೇಲೆ ನೋಡಿದರಾಯ್ತು.

ಟ್ಯಾಬ್ ಹೊಸದೇ ಆಗಬೇಕಿಲ್ಲ. ಯುಎಸ್‌ಬಿ-ಸಿ ಇರೋ ಸೆಕೆಂಡ್ ಹ್ಯಾಂಡ್ ಐಪ್ಯಾಡ್ ಸಿಕ್ಕರೆ ಸಾಕು. ಆಲ್ಗೊರಿಡಿಮ್ ಕಂಪನಿಯವರ 'ಡಿಜೇ' ಆ್ಯಪ್ 2010ರಲ್ಲೇ, ಐಪ್ಯಾಡ್ ಹುಟ್ಟಿದ ವರ್ಷವೇ, ಅದಕ್ಕೆ ಬಂದದ್ದು. ಅಷ್ಟು ವರ್ಷ ಪಳಗಿದ್ದಕ್ಕೇ ನಾನು ಅದನ್ನ ನೆಚ್ಚಿಕೊಳ್ಳೋದು. ಆಂಡ್ರಾಯ್ಡ್‌ನಲ್ಲೂ ಆ ಆ್ಯಪ್ ಇದೆ, ಆದರೆ ಬೆರಳು ಒತ್ತಿದ್ದಕ್ಕೂ ಸದ್ದು ಬರೋದಕ್ಕೂ ನಡುವಿನ ತಡ ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ಥರ. ಹಳೆಯ ಲೈಟ್ನಿಂಗ್ ಪಿನ್ನಿನ ಐಪ್ಯಾಡೇ ಅಗ್ಗಕ್ಕೆ ಸಿಕ್ಕಿದರೆ, ಕಂಟ್ರೋಲರ್ ಸಿಕ್ಕಿಸೋಕೆ ಬೇಕಾದ ಆಪಲ್‌ನವರ ಕ್ಯಾಮೆರಾ ಅಡಾಪ್ಟರ್‌ನಲ್ಲಿ ಪಕ್ಕಕ್ಕೆ ಚಾರ್ಜಿಂಗ್ ತೂತು ಇರೋದನ್ನೇ ತಗೋ. ಅದಿಲ್ಲದಿದ್ದರೆ ಕಂಟ್ರೋಲರ್ ಸಿಕ್ಕಿಸಿದ ಕೂಡಲೇ 'ಈ ಸಾಧನಕ್ಕೆ ಕರೆಂಟ್ ಜಾಸ್ತಿ ಬೇಕು' ಅಂತ ಟ್ಯಾಬ್ ಕೈಚೆಲ್ಲುತ್ತೆ.

ಇನ್ನು ಕಂಟ್ರೋಲರ್. ನಿನ್ನ ಪಟ್ಟಿಯಲ್ಲಿ ಪಯೋನಿಯರ್‌ನ ಡಿಡಿಜೆ-200 ಇದೆ. ಹಗುರ, ಅಗ್ಗ, ಬ್ಲೂಟೂತ್‌ನಲ್ಲೂ ಟ್ಯಾಬ್‌ಗೆ ಸೇರುತ್ತೆ, ನೋಡೋಕೂ ಚೆಂದ. ಆದರೆ ಅದರೊಳಗೆ ಸದ್ದು ಹೊರಗೆ ಕಳಿಸೋ ಸೌಂಡ್ ಕಾರ್ಡ್ ಇಲ್ಲ. ಹಾಡು ಕೇಳೋದು ಟ್ಯಾಬ್‌ನ ಹೆಡ್‌ಫೋನ್ ತೂತಿನಿಂದಲೇ. ಡಿ.ಜೆ. ಕೆಲಸಕ್ಕೆ ಎರಡು ಬೇರೆ ಬೇರೆ ಸದ್ದು ಬೇಕು: ಜನ ಕೇಳೋದು ಒಂದು, ಮುಂದಿನ ಹಾಡನ್ನ ನೀನು ಹೆಡ್‌ಫೋನ್‌ನಲ್ಲಿ ಕೇಳಿ ಹೊಂದಿಸ್ಕೊಳ್ಳೋದು ಇನ್ನೊಂದು. ಒಂದೇ ತೂತಿನಿಂದ ಎರಡೂ ಬರಬೇಕಂದ್ರೆ ಸ್ಪ್ಲಿಟರ್ ಕೇಬಲ್ ಹಾಕಿ ಎಡಗಡೆಯ ಚಾನೆಲ್ ಜನಕ್ಕೆ, ಬಲಗಡೆಯದು ನಿನಗೆ ಅಂತ ಪಾಲು ಮಾಡಬೇಕು. ಆಗ ಎರಡೂ ಮೋನೋ, ಅಂದ್ರೆ ಎಡ-ಬಲ ಅನ್ನೋ ಭೇದ ಇಲ್ಲದ ಒಂಟಿ ಸದ್ದು. ಹೊಸ ಐಪ್ಯಾಡ್‌ಗಳಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಹೆಡ್‌ಫೋನ್ ತೂತೇ ಇಲ್ಲ ಅನ್ನೋದು ಬೇರೆ ಮಾತು. ಮನೆಯಲ್ಲಿ ಕಲಿಯೋಕೆ ಇದು ಸಾಕು. ದುಡ್ಡು ತಗೊಂಡು ಹಾಡು ಹಾಕೋ ಕಡೆಗೆ ಸೌಂಡ್ ಕಾರ್ಡ್ ಒಳಗೇ ಇರೋದು ಬೇಕು. ಅದೇ ಕಂಪನಿಯ ಡಿಡಿಜೆ-ಎಫ್‌ಎಲ್‌ಎಕ್ಸ್4 ಹಾಗಿದೆ, ಸುಮಾರು 2 ಕೆ.ಜಿ. ತೂಕ, ಆದರೆ ಅಗಲ 48 ಸೆಂ.ಮೀ. ನಿನ್ನ ಆಫೀಸ್ ಬ್ಯಾಗಿಗೆ ಅದು ಹಿಡಿಯಲ್ಲ, ಅಳತೆ ಟೇಪ್ ಹಿಡಿದು ನೋಡ್ಕೊ. ರೀಲೂಪ್‌ನ ಮಿಕ್ಸ್‌ಟೂರ್ ಅದಕ್ಕಿಂತ ತುಂಬ ಚಿಕ್ಕದು, ಸೌಂಡ್ ಕಾರ್ಡೂ ಇದೆ, ಟ್ಯಾಬ್‌ನಿಂದಲೇ ಕರೆಂಟ್ ತಗೊಳ್ಳುತ್ತೆ. ರೆಕಾರ್ಡಿನ ಹಾಗೆ ಕೈಯಲ್ಲಿ ತಿರುಗಿಸೋ ಜಾಗ್ ವೀಲ್ ಇಲ್ಲ ಅಂತ ಮೂಗು ಮುರೀಬೇಡ. ರಿಸೆಪ್ಷನ್ ಹಾಲ್‌ನಲ್ಲಿ ನಿಂತು ಹಾಡನ್ನ ಹಿಂದೆ ಮುಂದೆ ಉಜ್ಜಿ ಸ್ಕ್ರ್ಯಾಚ್ ಮಾಡೋದೇನಿದೆ? ಊಟಕ್ಕೆ ಕೂತವರು ತಲೆ ಎತ್ತಿಯೂ ನೋಡಲ್ಲ.

ಎರಡನೇ ಕಂಟ್ರೋಲರ್ ಈಗಲೇ ಬೇಡ. ಮಿಡಿ ಅನ್ನೋದು ಸಂಗೀತದ ಸಾಧನಗಳು ಒಂದಕ್ಕೊಂದು ಮಾತಾಡೋಕೆ 1983ರಿಂದ ಇರೋ ವ್ಯವಸ್ಥೆ. ಕೋರ್ಗ್‌ನ ನ್ಯಾನೋಕಂಟ್ರೋಲ್‌ನಂಥ ಅಂಗೈ ಅಗಲದ ಫೇಡರ್ (ಮೇಲೆ ಕೆಳಗೆ ಜಾರಿಸೋ ಗುಂಡಿ) ಪಟ್ಟಿಯನ್ನ ಯಾವತ್ತು ಬೇಕಾದರೂ ಜೋಡಿಸಿ, ಯಾವ ಗುಂಡಿಗೆ ಯಾವ ಕೆಲಸ ಅಂತ ಆ್ಯಪ್‌ನಲ್ಲೇ ಹಂಚಬಹುದು. ಮೊದಲನೆಯದರ ಗುಂಡಿಗಳು ಕತ್ತಲಲ್ಲೂ ಕೈಗೆ ಸಿಗೋ ಹಾಗಾಗಲಿ, ಆಮೇಲೆ ತಗೋ.

ಆ ಬ್ಲೂಟೂತ್ ಹೆಡ್‌ಫೋನನ್ನ ಪಟ್ಟಿಯಿಂದ ಇವತ್ತೇ ಹೊಡೆದು ಹಾಕು. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರೋದು ಸೆಕೆಂಡಿನ ಹತ್ತನೇ ಒಂದೆರಡು ಭಾಗ ತಡವಾಗಿ. ನಿಮಿಷಕ್ಕೆ 120 ಬೀಟ್ ಇರೋ ಹಾಡಿನಲ್ಲಿ ಒಂದು ಬೀಟಿಗಿರೋದೇ ಅರ್ಧ ಸೆಕೆಂಡು. ಬೀಟಿನ ಮೂರನೇ ಒಂದು ಭಾಗ ಹಿಂದೆ ಬಿದ್ದ ಸದ್ದು ಕೇಳ್ಕೊಂಡು ಯಾವುದನ್ನ ಯಾವುದಕ್ಕೆ ಕೂರಿಸ್ತೀಯ? ಗುಂಡಿಗಳ ಸಂದೇಶ ಬ್ಲೂಟೂತ್‌ನಲ್ಲಿ ಹೋದರೆ ಇಷ್ಟು ತೊಂದರೆ ಇಲ್ಲ ಅಂತಾರೆ. ನೂರಾರು ಫೋನ್ ಸೇರಿರೋ ಛತ್ರದಲ್ಲಿ ನಾನಾದರೆ ಅದನ್ನೂ ವೈರಿನಲ್ಲೇ ಕಳಿಸ್ತೀನಿ.

ಕರೆಂಟಿನ ವಿಷಯ ಸ್ವಲ್ಪ ಜಾಸ್ತಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಟ್ಯಾಬ್‌ಗೆ ತೂತು ಒಂದೇ ಆದ್ದರಿಂದ ಅದಕ್ಕೊಂದು ಹಬ್ ಹಾಕಿ, ಅದರಿಂದ ಕಂಟ್ರೋಲರ್‌ಗೊಂದು ದಾರಿ, ಚಾರ್ಜಿಂಗ್‌ಗೊಂದು ದಾರಿ ಮಾಡ್ಕೋಬೇಕು. ಇಡೀ ಸೆಟ್ಟು ನಿಂತಿರೋದು ಆ ಅಂಗೈ ಅಗಲದ ಹಬ್ ಮೇಲೆ, ಅದರಲ್ಲಿ ಚೌಕಾಸಿ ಮಾಡ್ಬೇಡ. ಛತ್ರದಲ್ಲಿ ಕರೆಂಟ್ ಹೋಗಿ ಜನರೇಟರ್ ಎತ್ಕೊಳ್ಳೋವರೆಗೆ ಒಂದಷ್ಟು ಸೆಕೆಂಡ್ ಕತ್ತಲು ಇದ್ದೇ ಇರುತ್ತೆ. ಟ್ಯಾಬ್‌ನೊಳಗೆ ಬ್ಯಾಟರಿ ಇದೆ, ಅದು ನಿಲ್ಲಲ್ಲ. ಆದರೆ ಗೋಡೆಯ ಕರೆಂಟ್ ಹೋದ ಕ್ಷಣಕ್ಕೆ ಕೆಲವು ಹಬ್‌ಗಳು ಎಲ್ಲವನ್ನೂ ಬಿಟ್ಟು ಮತ್ತೆ ಹಿಡ್ಕೊಳ್ತವೆ. ಅಷ್ಟರಲ್ಲಿ ಆ್ಯಪ್‌ಗೆ ಕಂಟ್ರೋಲರ್ ಕಾಣದೆ ಹಾಡು ಟ್ಯಾಬ್‌ನ ಪುಟಾಣಿ ಸ್ಪೀಕರ್‌ನಲ್ಲಿ ಕೀರಲು ಶುರುವಾಗುತ್ತೆ. ಮನೆಯಲ್ಲೇ ಪರೀಕ್ಷೆ ಮಾಡು: ಹಾಡು ಓಡ್ತಿರೋವಾಗಲೇ ಚಾರ್ಜರ್ ಕಿತ್ತು ನೋಡು, ಮತ್ತೆ ಸಿಕ್ಕಿಸಿ ನೋಡು. ಹಾಡು ತಡವರಿಸಿದರೆ ಆ ಹಬ್ ಅಂಗಡಿಗೆ ವಾಪಸ್ ಹೋಗಲಿ. ನನ್ನ ಮಾತು ಕೇಳೋದಾದರೆ ಚಾರ್ಜರ್ ಬದಲು ಒಳ್ಳೆ ಪವರ್ ಬ್ಯಾಂಕ್‌ನಿಂದಲೇ ಕಾರ್ಯಕ್ರಮ ಮುಗಿಸು. 20,000 ಎಂಎಎಚ್‌ನದಕ್ಕೆ ಒಂದು ಸಂಜೆಯ ಕೆಲಸ ಭಾರವಲ್ಲ. ಅದರಿಂದ ಇನ್ನೊಂದು ಲಾಭವೂ ಇದೆ. ಚಾರ್ಜರ್ ಒಂದು ಪ್ಲಗ್‌ನಿಂದ, ಹಾಲ್‌ನ ಆಂಪ್ಲಿಫೈಯರ್ ಇನ್ನೊಂದು ಪ್ಲಗ್‌ನಿಂದ ಕರೆಂಟ್ ತಗೊಂಡಾಗ ಅರ್ಥಿಂಗ್ ಸುತ್ತು ಬಿದ್ದು 'ಗುಂ' ಅಂತ ಹಮ್ ಬರುತ್ತಲ್ಲ, ಬ್ಯಾಟರಿಯಲ್ಲಿ ಆ ಕಾಟ ಬಹುಮಟ್ಟಿಗೆ ಇರಲ್ಲ.

ಛತ್ರದ ಸೌಂಡ್‌ನವನ ಜೊತೆ ಸ್ನೇಹ ಇಟ್ಕೊ. ಅವನಿಗೆ 'ಅಣ್ಣಾ' ಅಂತ ಒಂದು ಮಾತು, ಒಂದು ಲೋಟ ಕಾಫಿ, ಅರ್ಧ ಕೆಲಸ ಆಯ್ತು ಅನ್ಕೊ. ನಿನ್ನ ಕಂಟ್ರೋಲರ್‌ನ ಹಿಂದೆ ಇರೋದು ಆರ್‌ಸಿಎ ಪಿನ್, ಅವನ ಮಿಕ್ಸರ್ ಕೇಳೋದು ಪಿ-38, ಅದೇ ಕಾಲು ಇಂಚಿನ ದಪ್ಪ ಪಿನ್ನು. ಆ ಕೇಬಲ್ ನಿನ್ನ ಚೀಲದಲ್ಲೇ ಎರಡು ಜೊತೆ ಇರಲಿ. ಆರ್‌ಸಿಎ ವೈರನ್ನ ಹಾಲ್ ಉದ್ದಕ್ಕೂ ಎಳೀಬೇಡ, ಮಿಕ್ಸರ್ ಪಕ್ಕದಲ್ಲೇ ಮೇಜು ಹಾಕಿಸ್ಕೊ. ಮೈಕಿನ ಇನ್‌ಪುಟ್‌ಗೆ ಸಿಕ್ಕಿಸಿದರೆ ಸದ್ದು ಒಡೆಯುತ್ತೆ, ಲೈನ್ ಇನ್‌ಪುಟ್ ಕೇಳು. ಸೌಂಡ್ ಏರಿಸೋದು ಅವನ ಕಡೆಯಿಂದ ಆಗಲಿ, ನಿನ್ನ ಕಡೆ ಕೆಂಪು ದೀಪ ಹತ್ತಬಾರದು. ನಿರೂಪಣೆ ಮಾಡೋ ಹುಡುಗ ಮೈಕ್ ತಂದು ನಿನ್ನ ಕಂಟ್ರೋಲರ್‌ಗೆ ಚುಚ್ಚೋಕೆ ಬಂದರೆ ಬಿಡಬೇಡ. ಚಿಕ್ಕ ಕಂಟ್ರೋಲರ್‌ನಲ್ಲಿ ಮೈಕ್‌ಗೆ ಒಂದು ವಾಲ್ಯೂಮ್ ಗುಂಡಿ ಬಿಟ್ಟರೆ ಹೆಚ್ಚೇನೂ ಇರಲ್ಲ, ಕೂಗು ಎದ್ದರೆ ತಡೆಯೋಕೆ ಆಗಲ್ಲ. ಮೈಕೆಲ್ಲ ಹಾಲ್‌ನ ಮಿಕ್ಸರ್‌ಗೇ ಹೋಗಲಿ.

ಈಗ ಹಾಡಿಗೆ ಬರೋಣ. ಹಾಡುಗಳೆಲ್ಲ ಟ್ಯಾಬ್‌ನೊಳಗೇ ಇರಬೇಕು. 320 ಕೆಬಿಪಿಎಸ್ ಎಂಪಿ3 ಆದರೆ ನಾಲ್ಕು ನಿಮಿಷದ ಹಾಡು ಸುಮಾರು 10 ಎಂಬಿ. ಸಾವಿರ ಹಾಡಿಗೂ 10 ಜಿಬಿ ದಾಟಲ್ಲ. ನೆಟ್‌ನಿಂದ ನೇರ ಹಾಕ್ತೀನಿ ಅಂತ ಕೂತರೆ ನೆಲಮಾಳಿಗೆಯ ಹಾಲ್‌ನಲ್ಲಿ ಸಿಗ್ನಲ್ ಸಿಗಲ್ಲ. ಸಿಕ್ಕರೂ ಆ ಬಾಗಿಲು ಯಾವತ್ತು ಮುಚ್ಚುತ್ತೋ ಹೇಳೋಕಾಗಲ್ಲ. ಸ್ಪಾಟಿಫೈ 2020ರ ಜುಲೈನಲ್ಲಿ ಡಿ.ಜೆ. ಆ್ಯಪ್‌ಗಳಿಗೆ ಹಾಡು ಕೊಡೋದನ್ನ ನಿಲ್ಲಿಸಿದಾಗ, ಅದನ್ನೇ ನಂಬಿ ಪಟ್ಟಿ ಕಟ್ಟಿದವರೆಲ್ಲ ಮೊದಲಿಂದ ಶುರು ಮಾಡಬೇಕಾಯ್ತು.

ಎರಡು ಹಾಡಿನ ವೇಗ ತಾನಾಗಿ ಹೊಂದಿಸೋ ಸಿಂಕ್ ಗುಂಡಿ ಒತ್ತಿದರೆ ಸಾಕು ಅಂತ ನೀನು ಬರೆದಿದ್ದೀಯ. ಕ್ಲಬ್ಬಿನ ಹಾಡಿಗೆ ಸಾಕು, ಅವು ಕಂಪ್ಯೂಟರ್‌ನಲ್ಲಿ ಕಟ್ಟಿದವು, ಮೊದಲಿಂದ ಕೊನೆವರೆಗೆ ಒಂದೇ ವೇಗ. ನಮ್ಮ ಹಳೆಯ ಚಿತ್ರಗೀತೆಗಳನ್ನ ಇಡೀ ವಾದ್ಯವೃಂದ ಒಟ್ಟಿಗೆ ಕೂತು ನುಡಿಸಿದ್ದು. ಪಲ್ಲವಿಯಲ್ಲಿ ಒಂದು ನಡೆ, ಚರಣಕ್ಕೆ ಬಂದಾಗ ಕೂದಲೆಳೆಯಷ್ಟು ಬಿರುಸು. ಆ್ಯಪ್ ಬೀಟಿಗೆ ಅಂತ ಎಳೆದ ಗೆರೆ ಮೊದಲ ಚರಣಕ್ಕೇ ಜಾರಿರುತ್ತೆ. ಜಾನಪದ ಹಾಡು, ತಮಟೆ, ಡೊಳ್ಳು ಬಂದರೆ ಇನ್ನೂ ಫಜೀತಿ. ಆ್ಯಪ್ ಎಣಿಸೋದು ನಾಲ್ಕು ನಾಲ್ಕು, ನಮ್ಮ ಹೆಜ್ಜೆ ಮೂರು ಮೂರು, ಆರು ಆರು. ಕೆಲವು ಸಲ ನಿಮಿಷಕ್ಕೆ 75 ಬೀಟ್ ಇರೋದನ್ನ 150 ಅನ್ನುತ್ತೆ. ಜನ ಕುಣಿದು ಬೆವರೋದು ಮಾತ್ರ ಈ ಹಾಡುಗಳಿಗೇ. ಅದಕ್ಕೆ ಇಂಥ ಒಂದೊಂದನ್ನೂ ಕೂತು ಕೇಳಿ, ಕೈಯಲ್ಲಿ ತಾಳ ಹಾಕಿ, ಎಲ್ಲಿ ಹೊಕ್ಕರೆ ಸರಿ ಎಲ್ಲಿ ಬಿಟ್ಟರೆ ಸರಿ ಅಂತ ಹಾಟ್ ಕ್ಯೂ ಗುರುತು ಹಾಕಿಡು, ಗುಂಡಿ ಒತ್ತಿದ ಕೂಡಲೇ ಹಾಡು ಆ ಜಾಗಕ್ಕೇ ಹಾರುತ್ತೆ. ಎರಡು ಹಾಡು ಒಂದರ ಮೇಲೊಂದು ಓಡಲೇಬೇಕು ಅಂತೇನಿಲ್ಲ. ಒಂದರ ಕೊನೆಯ ಪೆಟ್ಟಿಗೆ ಇನ್ನೊಂದರ ಮೊದಲ ಪೆಟ್ಟು ಬಿದ್ದರೆ ಅದೂ ಮಿಕ್ಸೇ. ಈ ಕೆಲಸ ಯಾವ ಸಾಮಾನೂ ಮಾಡಿಕೊಡಲ್ಲ. ನೀನು ಕೊಡೋಕೆ ಹೊರಟಿರೋ ದುಡ್ಡಿನಲ್ಲಿ ಅರ್ಧ ಉಳಿಸಿ, ನಿನ್ನ ಹೊತ್ತನ್ನ ಇದಕ್ಕೆ ಹಾಕು.

ಬಿಸಿಲಿನ ಮಾತು ಮರೆತೆ. ಅರಿಶಿನ ಶಾಸ್ತ್ರ ಈಗ ಬಯಲಲ್ಲಿ, ತಾರಸಿ ಮೇಲೆ ಮಾಡ್ತಾರಲ್ಲ. ಐಪ್ಯಾಡ್‌ಗೆ 35 ಡಿಗ್ರಿ ದಾಟಿದ ವಾತಾವರಣ ಆಗಿಬರಲ್ಲ ಅಂತ ಕಂಪನಿಯೇ ಹೇಳುತ್ತೆ. ಕಾದರೆ ಎಚ್ಚರಿಕೆಯ ಪರದೆ ತೋರಿಸಿ ಕೂತುಬಿಡುತ್ತೆ. ಕವರ್ ತೆಗೆದು, ಗಾಳಿ ಆಡೋ ಹಾಗೆ ಸ್ಟ್ಯಾಂಡ್ ಮೇಲಿಟ್ಟು, ಶಾಮಿಯಾನದ ನೆರಳಲ್ಲೇ ಕೂರು. ಹಾಡಿನಿಂದ ದನಿ ಬೇರೆ, ವಾದ್ಯ ಬೇರೆ ಮಾಡೋ ಆಟವೆಲ್ಲ ಟ್ಯಾಬ್‌ನ ಇನ್ನಷ್ಟು ಕಾಯಿಸುತ್ತೆ, ಬಯಲಲ್ಲಿ ಅದು ಬೇಡ. ಕಾರ್ಯಕ್ರಮದ ವಾರ ಯಾವ ಅಪ್‌ಡೇಟೂ ಹಾಕಬೇಡ. ಏರೋಪ್ಲೇನ್ ಮೋಡ್ ಹಾಕು, ಪರದೆ ತಾನಾಗಿ ಆರೋದನ್ನ ನಿಲ್ಲಿಸು. ಫೋನ್‌ನಲ್ಲಿ ಒಂದು ಗಂಟೆಯ ಹಾಡಿನ ಸರಣಿ ಸಿದ್ಧ ಇಟ್ಟು, ಬೇರೆ ವೈರಿನಲ್ಲಿ ಮಿಕ್ಸರ್‌ನ ಬೇರೆ ಚಾನೆಲ್‌ಗೆ ಮೊದಲೇ ಸಿಕ್ಕಿಸಿಡು. ಟ್ಯಾಬ್ ಮಲಗಿದರೆ ಆ ಫೇಡರ್ ಎತ್ತಿದರಾಯ್ತು.

ಕಾನೂನಿನದು ಚುಟುಕಾಗಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಡೆ ಧ್ವನಿವರ್ಧಕ ಇಲ್ಲ, 2000ದ ಶಬ್ದಮಾಲಿನ್ಯ ನಿಯಮ ಅದು. ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ 'ಇನ್ನೊಂದೇ ಹಾಡು' ಅಂದರೂ ಇಳಿಸಿಬಿಡು, ಪೊಲೀಸರು ಬಂದಾಗ ಅವರು ಯಾರೂ ಮುಂದೆ ಬರಲ್ಲ. ಮದುವೆ ಮತ್ತು ಅದಕ್ಕೆ ಸೇರಿದ ಸಂಭ್ರಮದಲ್ಲಿ ಹಾಡು ಹಾಕೋಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತೆ. ಕಂಪನಿ ಪಾರ್ಟಿಗೋ, ಹೋಟೆಲಿನ ಹೊಸ ವರ್ಷಕ್ಕೋ ಅದು ನಡೆಯಲ್ಲ, ಲೈಸೆನ್ಸ್ ಯಾರು ತೆಗೀತಾರೆ ಅಂತ ಮೊದಲೇ ಮೆಸೇಜಿನಲ್ಲಿ ಬರೆಸ್ಕೊ. ಅಡ್ವಾನ್ಸ್ ಕೂಡ ಆಗಲೇ ತಗೋ. ರಾತ್ರಿ ವಾಪಸ್ ಬರೋ ಕಾರಿನ ದುಡ್ಡೂ ಆ ಮಾತಿನಲ್ಲೇ ಸೇರಿರಲಿ, ಇದು ನಿಮ್ಮ ದೊಡ್ಡಮ್ಮನ ಷರತ್ತು.

ಟ್ಯಾಬ್, ಹಬ್, ಕಂಟ್ರೋಲರ್ ಮೂರೂ ಕೈಗೆ ಬಂದಮೇಲೆ ಒಂದು ಭಾನುವಾರ ಇಲ್ಲಿಗೆ ತಾ, ಅಂಗಡಿಯ ಹಳೇ ಆಂಪ್ಲಿಫೈಯರ್‌ಗೆ ಹಾಕಿ ನೋಡೋಣ. ಆರ್‌ಸಿಎ-ಪಿ-38 ಕೇಬಲ್ ಮಾತ್ರ ನೀನು ಕೊಳ್ಳಬೇಡ, ನಾನೇ ಬೆಸುಗೆ ಹಾಕಿ ಕೊಡ್ತೀನಿ. ಮೇಜಿಂದ ಮಿಕ್ಸರ್‌ವರೆಗೆ ಎಷ್ಟು ಉದ್ದ ಬೇಕಾಗಬಹುದು ಅಂತ ಬರೆದು ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ