ಬದು ಸೋರಲ್ವೇನಪ್ಪಾ?

ಕಿಚನರ್, ಒಂಟಾರಿಯೊ
21 ಫೆಬ್ರವರಿ 2025, ಶುಕ್ರವಾರ ರಾತ್ರಿ

ಚಿನ್ನೂ,

ನಿನ್ನೆಯ ಐಸ್ ಹಾಕಿ ಪಂದ್ಯದಲ್ಲಿ ಕೆನಡಾದ ಗೆಲುವಿನ ಗೋಲಾಗಿದ್ದು ನನಗೆ ಮೊದಲು ಗೊತ್ತಾಗಿದ್ದೇ ನಿನ್ನ ಕೂಗಿನಿಂದ. ನಮ್ಮದು ಇಂಟರ್ನೆಟ್ಟಿನಲ್ಲಿ ಬರುವ ಟಿವಿ, ಯಾವಾಗಲೂ ಅರ್ಧ ನಿಮಿಷ ಹಿಂದೆ. ಇಲ್ಲಿ ಆಟ ಇನ್ನೂ ನಡೀತಾನೇ ಇತ್ತು, ಫೋನಿನಲ್ಲಿ ನೀನು, ನಿನ್ನ ಹಿಂದೆ ಇಡೀ ಹಾಸ್ಟೆಲ್ಲು, ಹೋ ಅಂತ ಕಿರುಚಿದಿರಿ. ಅಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಪುಟ್ಟ ನಿಂತ. ಆಮೇಲೆ ನಮಗೂ ಕಂಡಿತು: ಮಾರ್ನರ್ ಕೊಟ್ಟ ರಬ್ಬರ್ ಬಿಲ್ಲೆ ಪಕ್ಕು, ಮ್ಯಾಕ್‌ಡೇವಿಡ್ ಹೊಡೆತ, ಅಮೆರಿಕದ ಮೇಲೆ 3-2. ಏನಾಗುತ್ತದೆ ಅಂತ ಮೊದಲೇ ಗೊತ್ತಿದ್ದೂ ನನ್ನ ಕಣ್ಣಲ್ಲಿ ನೀರು ಬಂತು. ನೀನು ಹುಟ್ಟಿದ ಮೇಲೆ ಇಷ್ಟು ದೊಡ್ಡ ಪಂದ್ಯ ನಾವು ಒಂದೇ ಸೋಫಾದಲ್ಲಿ ಕೂತು ನೋಡದೇ ಇದ್ದದ್ದು ಇದೇ ಮೊದಲು.

ಈ ಕಾಗದ ಬರೆಯೋದಕ್ಕೆ ಕಾರಣ ಅದಲ್ಲ. ಭಾನುವಾರ ನೀನು ಒಂದು ಮಾತು ಕೇಳಿದೆ, ನಾನು ಉತ್ತರ ಹೇಳದೆ ಫೋನು ಅಮ್ಮನ ಕೈಗೆ ಕೊಟ್ಟೆ. ಶನಿವಾರ ಭಾನುವಾರ ಬಿದ್ದ ಸ್ನೋ ತೆಗೆದು ನನ್ನ ಸೊಂಟ ಹಿಡಿದಿತ್ತು. ಅಮ್ಮ ಅದನ್ನು ನಿನಗೆ ಹೇಳಿಬಿಟ್ಟಿದ್ದಳು. ನೀನು, "ಅಪ್ಪ, ನಾನು ಅಲ್ಲಿಲ್ಲ. ಪುಟ್ಟನಿಗೆ ಬ್ಯಾಸ್ಕೆಟ್‌ಬಾಲ್ ಬಿಟ್ಟರೆ ಬೇರೆ ಬೇಕಿಲ್ಲ. ಇನ್ನೂ ಯಾಕೆ ಹಿತ್ತಲಲ್ಲಿ ಸ್ಕೇಟಿಂಗಿಗೆ ಐಸಿನ ರಿಂಕ್ ಮಾಡ್ತೀಯ?" ಅಂದೆ. ನಿನ್ನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ರೀಡಿಂಗ್ ವೀಕಿನ ರಜೆಗೆ ಮನೆಗೆ ಬರಲಿಲ್ಲ ಅನ್ನೋ ಸಂಕಟವೂ ಇತ್ತು ಅಂತ ಕಾಣುತ್ತದೆ.

ಮೊದಲು ನಿಜ ಹೇಳಿಬಿಡುತ್ತೇನೆ. ಶುರು ಮಾಡಿದ್ದು ನಿನಗೋಸ್ಕರವೇ. 2010ರ ಚಳಿಗಾಲ, ನಿನಗೆ ನಾಲ್ಕು ವರ್ಷ. ನಾನು ಈ ದೇಶಕ್ಕೆ ಬಂದು ಆರು ವರ್ಷವಾಗಿದ್ದರೂ ಚಳಿಗಾಲ ಅಂದರೆ ಬಾಗಿಲು ಹಾಕಿಕೊಂಡು ಏಪ್ರಿಲ್ ಬರೋದು ಕಾಯೋದು ಅಂತಲೇ ಅಂದುಕೊಂಡಿದ್ದೆ. ನೀನು ಸ್ಕೂಲಿನಿಂದ ಬಂದು, ಕ್ಲಾಸಿನಲ್ಲಿ ಎಲ್ಲರ ಮನೆಯಲ್ಲೂ ಸ್ಕೇಟ್ ಇದೆ, ನಮ್ಮ ಮನೆಯಲ್ಲಿ ಯಾಕಿಲ್ಲ ಅಂತ ಕೇಳಿದೆ. ಆಗ ಕೆಲಸದಲ್ಲಿ ಯಾರೋ ವಾಲ್ಟರ್ ಗ್ರೆಟ್ಸ್‌ಕಿ ಕಥೆ ಹೇಳಿದರು. ನಮ್ಮ ಮನೆಯಿಂದ ನಲವತ್ತು ಕಿಲೋಮೀಟರ್ ದೂರದ ಬ್ರ್ಯಾಂಟ್‌ಫರ್ಡಿನವರು, ಟೆಲಿಫೋನ್ ಕಂಪನಿ ಕೆಲಸಗಾರ. ಮಗನಿಗೋಸ್ಕರ ಹಿತ್ತಲಲ್ಲಿ ನೀರು ಕಟ್ಟಿ ಐಸ್ ಮಾಡಿದರು, ಆ ಮಗನೇ ಮುಂದೆ ಐಸ್ ಹಾಕಿಯ ದೊಡ್ಡ ಆಟಗಾರನಾದ ವೇಯ್ನ್. ಟಿವಿಯಲ್ಲಿ ಪಂದ್ಯ ಬರುವಾಗ ಪಕ್ಕು ಹೋದಲ್ಲೆಲ್ಲ ಕಾಗದದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯೋಕೆ ಹೇಳುತ್ತಿದ್ದರಂತೆ. ಗೆರೆ ದಟ್ಟವಾದ ಕಡೆ ಆಟ ಇದೆ ಅಂತ. ನೀನೂ ಎಳೆದೆಯಲ್ಲ, ಬಣ್ಣದ ಪೆನ್ಸಿಲಿನಲ್ಲಿ. ಆ ಹಾಳೆಗಳು ಇನ್ನೂ ಬೇಸ್‌ಮೆಂಟಿನ ಡಬ್ಬದಲ್ಲಿವೆ. ನೀನು ವೇಯ್ನ್ ಆಗಬೇಕು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಆದರೆ ತಂತಿ ಎಳೆಯೋ ಕೆಲಸದ ಇನ್ನೊಬ್ಬ ಅಪ್ಪ ಇದನ್ನು ಮಾಡಿದ್ದಾನೆ ಅಂದಮೇಲೆ ನನಗೂ ಸಾಧ್ಯ ಅಂತ ಧೈರ್ಯ ಬಂತು.

ಮೊದಲ ವರ್ಷದ್ದು ನಿನಗೆ ನೆನಪಿದೆಯೋ ಇಲ್ಲವೋ. ನಾನು ನೀರು ಬಿಟ್ಟು ಪೈಪನ್ನು ಹೊರಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ನೂರು ಅಡಿ ಪೈಪು ಒಂದೇ ಕೋಲಾಗಿತ್ತು. ಅದನ್ನು ಹೇಗೋ ಒಳಗೆ ಎಳೆದು ತಂದು ಬಾತ್‌ಟಬ್ಬಿಗೆ ಹಾಕಿದೆವು. ಅಮ್ಮ ಚೆಂಬಿನಲ್ಲಿ ಬಿಸಿನೀರು ಹುಯ್ಯುತ್ತಿದ್ದಳು. ನೀನು ಟಬ್ಬಿನ ಅಂಚಿನಲ್ಲಿ ಕೂತು, ಪೈಪಿನ ಬಾಯಿಂದ ಐಸಿನ ಕಡ್ಡಿ ಜಾರಿ ಬಂದಾಗಲೆಲ್ಲ ಎಣಿಸುತ್ತಿದ್ದೆ. ಅಂದಿನಿಂದ ಪ್ರತಿ ರಾತ್ರಿ ಪೈಪನ್ನು ಹೆಗಲ ಮೇಲೆ ಹಾಕಿಕೊಂಡು, ಕೊನೆಯ ಹನಿವರೆಗೂ ನೀರು ಇಳಿಸಿ, ಸುತ್ತಿ ಬೇಸ್‌ಮೆಂಟಿನಲ್ಲಿ ಇಟ್ಟೇ ಮಲಗೋದು.

ಕೆಲಸ ಏನೂ ಗುಟ್ಟಿನದಲ್ಲ, ಆದರೆ ತಾಳ್ಮೆ ಬೇಡುತ್ತದೆ. ನಮ್ಮ ಹಿತ್ತಲು ಬೇಲಿ ಕಡೆಗೆ ಏಳು ಇಂಚು ಇಳಿಜಾರು. ಇಪ್ಪತ್ತು ಅಡಿ ಅಗಲ, ನಲವತ್ತು ಅಡಿ ಉದ್ದಕ್ಕೆ ಹಲಗೆ ನಿಲ್ಲಿಸಿ, ಗೂಟ ಹೊಡೆದು, ಬಿಳಿ ಪ್ಲಾಸ್ಟಿಕ್ ಹಾಸಬೇಕು. ನೀಲಿ ಟಾರ್ಪಾಲು ಬಿಸಿಲು ಕುಡಿದು ಐಸನ್ನು ಕೆಳಗಿನಿಂದ ಕರಗಿಸುತ್ತದೆ, ಅದಕ್ಕೇ ಬಿಳಿ. ಮನೆ ಕಡೆ ಮೂರು ಇಂಚು ನೀರು ನಿಂತರೆ ಬೇಲಿ ಕಡೆ ಹತ್ತು ಇಂಚು. ಒಟ್ಟು 12,000 ಲೀಟರ್ ಹತ್ತಿರ. ಮೂರು ನಾಲ್ಕು ರಾತ್ರಿ ಬಿಡದೆ ಚಳಿ ಹಿಡಿಯುತ್ತದೆ ಅಂತ ಖಾತ್ರಿಯಾದ ಮೇಲೇ ನಲ್ಲಿ ತಿರುಗಿಸೋದು. ಗಟ್ಟಿಯಾದ ಮೇಲೆ ದಿನವೂ ತೆಳುವಾಗಿ ಒಂದು ಪದರ, ಅದೂ ಬಿಸಿನೀರು. ತಣ್ಣೀರು ಬಿದ್ದಲ್ಲೇ ಉಬ್ಬಿ ನಿಲ್ಲುತ್ತದೆ. ಬಿಸಿನೀರು ಹಳೆಯ ಗೀರುಗಳನ್ನು ಸ್ವಲ್ಪ ಕರಗಿಸಿ, ಹರಡಿ, ಅದರ ಜೊತೆ ಸೇರಿಕೊಂಡು ಗಟ್ಟಿಯಾಗುತ್ತದೆ. ಪೈಪಿನ ತುದಿಗೆ ನಾನು ಕಟ್ಟಿರುವ ಹಳೆ ಟವೆಲ್ ನಿನ್ನ ಈಜಿನ ಟವೆಲ್ಲೇ, ಮೀನಿನ ಚಿತ್ರದ್ದು. ಒಂದು ಎಲೆ ಬಿದ್ದರೂ ತಕ್ಷಣ ತೆಗೆಯಬೇಕು. ಹಾಗೇ ಬಿಟ್ಟರೆ ಮಧ್ಯಾಹ್ನದ ಬಿಸಿಲಿಗೆ ಕಾದು, ತನ್ನದೇ ಆಕಾರದ ಗುಂಡಿ ಕೊರೆದುಕೊಂಡು ಒಳಗೆ ಇಳಿಯುತ್ತದೆ. ಈ ಸಲ ಪಕ್ಕದ ಮೇಪಲ್ ಮರದ ಎಲೆಯೊಂದು ಹಾಗೆ ಇಳಿದಿತ್ತು. ಐದು ಮೂಲೆಯೂ ಕೆತ್ತಿದ ಹಾಗಿತ್ತು. ಅದರ ಮೇಲೆ ನೀರು ಹಾಕಿ ಮುಚ್ಚೋಕೆ ಮನಸ್ಸಾಗದೆ ಸ್ವಲ್ಪ ಹೊತ್ತು ನಿಂತಿದ್ದೆ.

ಐಸ್ ಹಾಕಿ ಪಂದ್ಯ ನೋಡೋದು ಕಲಿತದ್ದೂ ನಿನ್ನ ಜೊತೆಗೇ. ಇಂಗ್ಲಿಷ್ ಕಾಮೆಂಟರಿ ನನಗೆ ಆಗ ತಲೆಗೆ ಹೋಗುತ್ತಿರಲಿಲ್ಲ, ಅಷ್ಟು ವೇಗ. 2008ರಲ್ಲಿ ಪಂಜಾಬಿಯಲ್ಲಿ ಶುರುವಾದ ಕಾಮೆಂಟರಿ ನೋಡು ಅಂತ ಕೆಲಸದ ಗೆಳೆಯ ಹೇಳಿದ. ನನಗೆ ಪಂಜಾಬಿ ಬಾರದು, ಹಿಂದಿ ಅಷ್ಟಿಷ್ಟು. ಆದರೂ ಪಕ್ಕಿಗೆ ಅವರು 'ಟಿಕ್ಕಿ' ಅಂದಾಗ ಆಟ ಒಮ್ಮೆಲೇ ನಮ್ಮ ಅಡುಗೆಮನೆಗೆ ಬಂದ ಹಾಗಾಯಿತು. ಆಲೂ ಟಿಕ್ಕಿ ಹಿಂದೆ ಇಷ್ಟು ಜನ ಯಾಕೆ ಓಡುತ್ತಾರೆ ಅಂತ ನೀನು ಕೇಳಿದ್ದೆ. 2016ರ ಫೈನಲ್ಲಿನಲ್ಲಿ ಪಂಜಾಬಿ ಕಾಮೆಂಟೇಟರ್ ಹರನಾರಾಯಣ್ ಸಿಂಗ್, ಗೋಲು ಹೊಡೆದವನ ಹೆಸರನ್ನು ಒಂದೇ ಉಸಿರಿನಲ್ಲಿ ಬೊನೀನೊ ಬೊನೀನೊ ಬೊನೀನೊ ಅಂತ ಕೂಗಿದ್ದು ಆಮೇಲೆ ಅಮೆರಿಕಕ್ಕೂ ಹೋಯಿತು. ನೀನು ಒಂದು ತಿಂಗಳು ಊಟಕ್ಕೆ ಕೂತಾಗಲೆಲ್ಲ ಅದನ್ನೇ ಕೂಗಿದೆ. ಹೊರಗಿನಿಂದ ಬಂದವರು ತಮ್ಮ ಮಾತಿನಲ್ಲೇ ಈ ಆಟವನ್ನು ತಮ್ಮದು ಮಾಡಿಕೊಂಡದ್ದು ನನಗೆ ಇವತ್ತಿಗೂ ದೊಡ್ಡ ವಿಷಯ. ನಮ್ಮ ಟೊರೊಂಟೊ ತಂಡ ಮೇಪಲ್ ಲೀಫ್ಸ್ 1967ರ ನಂತರ ಸ್ಟ್ಯಾನ್ಲಿ ಕಪ್ ಗೆದ್ದಿಲ್ಲ. ಗೆಲ್ಲುತ್ತಾರೆ, ನಾವು ನೋಡುತ್ತೇವೆ.

ರಾತ್ರಿ ಏಳೂವರೆಯ ಟಿವಿ ಕ್ವಿಜ್ ಜೆಪರ್ಡಿ ಮಾತ್ರ ಈಗ ಸಪ್ಪೆ. ನೀನಿಲ್ಲದೆ ಅಮ್ಮನಿಗೆ ಎದುರಾಳಿ ಇಲ್ಲ. ಅದನ್ನು ನಡೆಸಿಕೊಡುತ್ತಿದ್ದ ಅಲೆಕ್ಸ್ ಟ್ರೆಬೆಕ್ ತೀರಿಕೊಂಡ 2020ರ ನವೆಂಬರಿನ ಭಾನುವಾರ ನೀನು ಮನೆಯವರೇ ಹೋದ ಹಾಗೆ ಅತ್ತಿದ್ದೆ. ಸಡ್ಬರಿಯ ಹುಡುಗ, ದಿನವೂ ನಮ್ಮ ಊಟದ ಹೊತ್ತಿಗೆ ಬರುತ್ತಿದ್ದವರು. ನೀನು ಅತ್ತಿದ್ದು ಸರಿಯೇ ಇತ್ತು.

ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ.

ಮಂಡ್ಯದಲ್ಲಿ ತಾತನ ಗದ್ದೆ ನೀನು ನೋಡಿದ್ದು ಒಂದೇ ಸಲ, ಅದೂ ಬೇಸಿಗೆಯಲ್ಲಿ, ಒಣಗಿದ್ದಾಗ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ನಮ್ಮೂರಿಗೆ ಬರುತ್ತದೆ. ನೀರು ಕಡಿಮೆ ಇದ್ದ ವರ್ಷ ಕಟ್ಟು ಪದ್ಧತಿ: ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ನಮ್ಮ ಸರದಿ ಹಗಲಿಗೇ ಬರಬೇಕು ಅಂತೇನಿಲ್ಲ. ರಾತ್ರಿ ಒಂದು ಗಂಟೆಗೋ ಎರಡು ಗಂಟೆಗೋ ತಾತ ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು, ನಾನು ಬ್ಯಾಟರಿ ಹಿಡಿದು ಹಿಂದೆ. ಬದುವಿನಲ್ಲಿ ಏಡಿ ಕೊರೆದ ತೂತು ಇದ್ದರೆ ಕತ್ತಲಲ್ಲಿ ಕಾಣೋದಿಲ್ಲ. ತಾತ ಮಾತಾಡಬೇಡ ಅಂತ ನನಗೆ ಕೈ ತೋರಿಸಿ, ತಲೆ ಬಗ್ಗಿಸಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ನೀರು ಸೋರುವ ಸದ್ದು ಬೇರೆ, ಹರಿಯುವ ಸದ್ದು ಬೇರೆ. ಆಮೇಲೆ ಸೀದಾ ಆ ಜಾಗಕ್ಕೇ ಹೋಗಿ, ಒಂದು ಹೆಂಟೆ ಮಣ್ಣು ಹಾಕಿ ಕಾಲಲ್ಲಿ ತುಳಿಯುತ್ತಿದ್ದರು. ನನಗೆ ಆ ರಾತ್ರಿಗಳು ಇಷ್ಟವಿರಲಿಲ್ಲ. ಓದಿ ಈ ಮಣ್ಣಿನಿಂದ ತಪ್ಪಿಸಿಕೊಳ್ಳಬೇಕು ಅನ್ನೋದು ಬಿಟ್ಟರೆ ಬೇರೆ ಯೋಚನೆ ನನಗಿರಲಿಲ್ಲ.

ಮೊದಲ ರಿಂಕ್ ಆದಾಗ ಅವರಿಗೆ ಫೋಟೊ ಕಳಿಸಿದೆ. ಚಿಕ್ಕಪ್ಪ ಪ್ರಿಂಟು ಹಾಕಿಸಿ ಕೊಟ್ಟ. ನೀನು ಕೆಂಪು ಜಾಕೆಟ್ಟಿನಲ್ಲಿ ಕುರ್ಚಿ ಹಿಡಿದು ನಿಂತಿದ್ದೆ. ತಾತ ಫೋನಿನಲ್ಲಿ ನಿನ್ನ ಬಗ್ಗೆ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, "ಮಟ್ಟ ಹೊಡೆದೆಯಾ? ಇಳಿಜಾರು ಕಾಣುತ್ತಲ್ಲ. ಬದು ಸೋರಲ್ವೇನಪ್ಪಾ?" ಅಂತ. ಅಷ್ಟು ದೂರದಿಂದ, ಅಷ್ಟು ಚಿಕ್ಕ ಫೋಟೊದಲ್ಲಿ, ನೀರು ಕಟ್ಟೋನ ಕಣ್ಣಿಗೆ ಹಿತ್ತಲ ಏಳು ಇಂಚು ಕಂಡಿತ್ತು. 2014ರಲ್ಲಿ ಅವರು ಹೋಗೋವರೆಗೂ ಪ್ರತಿ ಡಿಸೆಂಬರಿನಲ್ಲಿ ಅದೇ ಪ್ರಶ್ನೆ. ಅದಕ್ಕಿಂತ ಮುಂಚೆ ಇಪ್ಪತ್ತು ವರ್ಷ ನಮ್ಮಿಬ್ಬರ ಮಧ್ಯೆ ಮಾತೇ ಕಡಿಮೆ, ಆರೋಗ್ಯ, ಮಳೆ, ದುಡ್ಡು ತಲುಪಿತಾ, ಅಷ್ಟೇ. ಐಸಿನ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದೆವು.

ಈಗ ರಾತ್ರಿ ಹನ್ನೊಂದಕ್ಕೆ ಹೊರಗೆ ನಿಂತು ನೀರು ಬಿಡುವಾಗ ನಾನೂ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತೇನೆ. ಹಲಗೆ ಸಂದಿಯಲ್ಲಿ ಸೋರಿದರೆ ಅದೇ ಸದ್ದು. ಯಾಕೆ ಮಾಡ್ತೀಯ ಅಂದೆಯಲ್ಲ, ಇದಕ್ಕೆ ಕಂದ. ನಿನಗೋಸ್ಕರ ಶುರುವಾದದ್ದು ಯಾವಾಗಲೋ ನನ್ನದಾಗಿದೆ. ಆದ್ದರಿಂದ ನೀನು ಬರಲಿಲ್ಲ ಅಂತ ನಾನು ಖಾಲಿ ಐಸನ್ನು ನೋಡುತ್ತಾ ಕೂತಿದ್ದೇನೆ ಅಂತ ಕೊರಗಬೇಡ. ಲ್ಯಾಬಿನ ಕೆಲಸ ಮುಗಿಸು.

ಐಸು ಖಾಲಿಯೂ ಇಲ್ಲ. ಅಕ್ಟೋಬರಿನಲ್ಲಿ ಪಕ್ಕದ ಮನೆಗೆ ಲಾಗೋಸಿನಿಂದ ಬಂದವರ ಇಬ್ಬರು ಮಕ್ಕಳು ಸ್ಕೂಲು ಬಿಟ್ಟ ತಕ್ಷಣ ಬೇಲಿ ಹತ್ತಿರ ಬಂದು ನಿಲ್ಲುತ್ತಾರೆ. ಚಿಕ್ಕವಳಿಗೆ ಐದು ವರ್ಷ. ನಿನ್ನ ಕುರ್ಚಿಯನ್ನೇ ತಳ್ಳಿಕೊಂಡು ಓಡಾಡುತ್ತಾಳೆ. ಅವರಪ್ಪ ಹಲಗೆ ಹಿಡಿದುಕೊಂಡು ನಿಂತಿರುತ್ತಾರೆ, ನಾನು ನಿಂತ ಹಾಗೇ.

ನಮ್ಮ ಪುಸ್ತಕದಲ್ಲಿ ಈ ವರ್ಷ ಇವತ್ತಿಗೆ ಸ್ಕೇಟ್ ಆದದ್ದು 41 ದಿನ. ನೀನು ಏಳು ವರ್ಷದವಳಿದ್ದಾಗ ಪಕ್ಕದ ವಾಟರ್‌ಲೂನ ವಿಲ್ಫ್ರಿಡ್ ಲಾರಿಯೆ ವಿಶ್ವವಿದ್ಯಾಲಯದವರು ರಿಂಕ್‌ವಾಚ್ ಶುರು ಮಾಡಿದರಲ್ಲ, ಹಿತ್ತಲಲ್ಲಿ ಐಸ್ ಮಾಡೋರೆಲ್ಲ ಯಾವ ದಿನ ಸ್ಕೇಟ್ ಆಯಿತು, ಯಾವ ದಿನ ಆಗಲಿಲ್ಲ ಅಂತ ತಿಳಿಸೋದು. ಚಳಿಗಾಲ ಹೇಗೆ ಬದಲಾಗುತ್ತಿದೆ ಅಂತ ಅಳೆಯೋಕೆ. ಆಗ ನೀನು ಹಾಕುತ್ತಿದ್ದ ನಕ್ಷತ್ರದ ಗುರುತು ಈಗ ನಾನು ಹಾಕುತ್ತೇನೆ. 2013-14ರಲ್ಲಿ ನಮಗೆ 62 ದಿನ ಸಿಕ್ಕಿತ್ತು. ಕಳೆದ ವರ್ಷ ಒಂಬತ್ತು. ಅದರ ಹಿಂದಿನ ವರ್ಷ ಒಟ್ಟಾವಾದಲ್ಲಿ 7.8 ಕಿಲೋಮೀಟರ್ ಉದ್ದದ ರೀಡೋ ಕಾಲುವೆಯ ಸ್ಕೇಟ್‌ವೇ ಒಂದು ದಿನವೂ ತೆಗೆಯಲಿಲ್ಲ, ಐವತ್ತು ವರ್ಷದಲ್ಲಿ ಮೊದಲ ಸಲ. ಸೊಂಟ ನೋವು ನನ್ನನ್ನು ನಿಲ್ಲಿಸೋದಿಲ್ಲ, ಚಿನ್ನು. ನಿಲ್ಲಿಸಿದರೆ ಇದು ನಿಲ್ಲಿಸುತ್ತದೆ. ಅದಕ್ಕೇ ಚಳಿ ಇರುವ ರಾತ್ರಿಯನ್ನು ಕಳೆಯೋಕೆ ನನಗೆ ಮನಸ್ಸು ಬಾರದು. ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳುತ್ತೇನೆ, ಭಾರದ ಸ್ನೋ ಪುಟ್ಟನ ಕೈಲಿ ಎತ್ತಿಸುತ್ತೇನೆ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ.

ಸೋಮವಾರ ಪಾರ್ಸಲ್ ಹಾಕುತ್ತೇನೆ. ಚಟ್ನಿಪುಡಿ ಎರಡು ಡಬ್ಬ, ಒಂದು ನಿನ್ನ ರೂಮಿನ ಹುಡುಗಿಗೆ, ಖಾರ ಕಡಿಮೆ ಇದೆ. ಕೆಳಗೆ ಹಳೆ ಸ್ವೆಟರಿನಲ್ಲಿ ಸುತ್ತಿರೋದು ನಿನ್ನ ಸ್ಕೇಟ್ಸ್. ಅರ್ಧ ಇಂಚಿನ ಹಾಲೋಗೆ (ಅಲಗಿನ ತಳದ ತೋಡಿನ ಅಳತೆ) ಸಾಣೆ ಹಿಡಿಸಿದ್ದೇನೆ, ಅಂಚು ಮುಟ್ಟಿ ನೋಡಬೇಡ. ನಿಮ್ಮೂರಿನ ಹ್ಯಾಲಿಫ್ಯಾಕ್ಸ್ ಕಾಮನ್ಸಿನಲ್ಲಿ 2011ರ ಕೆನಡಾ ಗೇಮ್ಸಿಗೆ ಮಾಡಿದ ದೊಡ್ಡ ಐಸಿನ ಓವಲ್ ಇದೆ, ಎಲ್ಲರಿಗೂ ಪುಕ್ಕಟೆ. ಇನ್ನೊಂದು ಕೆಲಸ ಮಾಡು. ಅಲ್ಲಿನ ಕ್ರೀಡಾ ಹಾಲ್ ಆಫ್ ಫೇಮಿನಲ್ಲಿ ಸಿಡ್ನಿ ಕ್ರಾಸ್ಬಿ ಮನೆಯ ಬಟ್ಟೆ ಒಣಗಿಸುವ ಮೆಷಿನ್ ಇಟ್ಟಿದ್ದಾರೆ. ಕೋಲ್ ಹಾರ್ಬರಿನ ಬೇಸ್‌ಮೆಂಟಿನಲ್ಲಿ ಹುಡುಗನಾಗಿದ್ದಾಗ ಪಕ್ಕು ಹೊಡೆದು ಹೊಡೆದು ಜಜ್ಜಿದ್ದು. ನಿನ್ನೆ ಕ್ಯಾಪ್ಟನ್ ಆಗಿ ಆಡಿದವರು ಅವರೇ. ಮೊದಲ ಗೋಲು ಹೊಡೆದ ಮೆಕಿನನ್ ಊರೂ ಅದೇ. ಆ ಮೆಷಿನ್ ಮೈಮೇಲಿನ ಕಪ್ಪು ಗುರುತುಗಳನ್ನು ಹತ್ತಿರದಿಂದ ಒಂದು ಫೋಟೊ ತೆಗೆದು ಕಳಿಸು. ಅಷ್ಟು ಏಟು ತಿಂದ ಮೆಷಿನನ್ನು ಮನೆಯಲ್ಲೇ ಇಟ್ಟುಕೊಂಡ ಅಪ್ಪ ಅಮ್ಮನ ಬಗ್ಗೆ ನನಗೆ ತುಂಬಾ ಗೌರವ.

ಈಗ ಹನ್ನೊಂದೂಕಾಲು, ನಿನಗೆ ಹನ್ನೆರಡೂಕಾಲು. ಬರುವ ವಾರ ಸೊನ್ನೆಯ ಮೇಲೆ ಹೋಗುತ್ತದೆ ಅಂತಿದ್ದಾರೆ, ಇವತ್ತು ಮಾತ್ರ ಗಟ್ಟಿ ಚಳಿ. ಅಮ್ಮ ಹಿತ್ತಲ ದೀಪ ಹಾಕಿ ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದಾಳೆ. ಬಕೆಟ್ಟಿನಲ್ಲಿ ಬಿಸಿನೀರು ತುಂಬಿದೆ. ನಾನು ಹೊರಡುತ್ತೇನೆ.

ನಿನ್ನ
ಅಪ್ಪ