ಬೆಲೆ ಹೇಳುವ ಮೊದಲು ಒಂದು ತುಂಡು ಹೆಣೆ

ಮಗಳೇ,

ನೀನು ಹೆಣೆದು ಮಾರಬೇಕೆಂದಿರುವ ಉಣ್ಣೆಯ ಮಫ್ಲರ್‌ಗೆ ಎಷ್ಟು ಬೆಲೆ ಇಡಲಿ ಅಂತ ಕೇಳಿದ್ದೀಯ. ಫೋನಿನಲ್ಲಾದರೆ ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿ ಮುಗಿಸಿಬಿಡುತ್ತಿದ್ದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬೆಲೆ ನಾನು ಹೇಳಿ ನೀನು ಕೇಳುವಂಥದ್ದಲ್ಲ. ಇನ್ನೊಬ್ಬರು ಎಷ್ಟಕ್ಕೆ ಮಾರುತ್ತಿದ್ದಾರೆ ಅಂತ ನೋಡಿ ಅದಕ್ಕಿಂತ ಸ್ವಲ್ಪ ಕಮ್ಮಿ ಬರೆಯುವುದೂ ಬೇಡ. ಅವರ ನೂಲು ಬೇರೆ, ಅವರ ಕೈವೇಗ ಬೇರೆ.

ನೀನು ಮಾಡಬೇಕಾದ ಕೆಲಸ ತುಂಬ ಚಿಕ್ಕದು. 15 ಸೆಂಟಿಮೀಟರ್ ಚೌಕದ ಒಂದು ಮಾದರಿ ತುಂಡು ಹೆಣೆ. ಮಾರಬೇಕೆಂದಿರುವ ಅದೇ ನೂಲು, ಅದೇ ಕಡ್ಡಿ, ಅದೇ ವಿನ್ಯಾಸ. ಶುರು ಮಾಡುವಾಗ ಗಡಿಯಾರ ನೋಡಿಕೋ, ಮುಗಿಸಿದಾಗ ಮತ್ತೆ ನೋಡಿಕೋ. ಆಮೇಲೆ ತೂಕ ಹಾಕು. ಈ ವ್ಯಾಪಾರದ ಅರ್ಧಕ್ಕಿಂತ ಜಾಸ್ತಿ ವಿಷಯ ಆ ತುಂಡಿನಲ್ಲೇ ಇದೆ ಅಂತ ನಾನು ನಿಜವಾಗಿ ನಂಬಿದ್ದೇನೆ.

ಲೆಕ್ಕ ಹೀಗೆ. ತುಂಡು 8 ಗ್ರಾಂ ತೂಗಿತು, 50 ನಿಮಿಷ ಹಿಡಿಯಿತು ಅಂತಿಟ್ಟುಕೋ. ನಿನ್ನ ಮಫ್ಲರ್ 30 ಸೆಂಟಿಮೀಟರ್ ಅಗಲ, 180 ಉದ್ದ. ಅಂದರೆ ತುಂಡಿನ 24 ಪಟ್ಟು ಜಾಗ. ನೂಲು 192 ಗ್ರಾಂ ಬೇಕು, ಹೆಣೆಯೋದಕ್ಕೆ 20 ಗಂಟೆ. ಇದು ಬರೀ ಹೆಣಿಗೆಯ ಹೊತ್ತು. ಲಡಿ ಬಿಚ್ಚಿ ಉಂಡೆ ಸುತ್ತೋದು, ತುದಿಗಳನ್ನು ಸೂಜಿಯಲ್ಲಿ ಒಳಗೆ ಸೇರಿಸೋದು, ಒಗೆದು ಅಳತೆಗೆ ಎಳೆದು ಪಿನ್ ಹಾಕಿ ಒಣಗಿಸೋದು, ಹಗಲು ಬೆಳಕಿನಲ್ಲಿ ಫೋಟೋ ತೆಗೆಯೋದು, ಕೇಳಿದವರಿಗೆಲ್ಲ ಉತ್ತರ ಬರೆಯೋದು, ಪೊಟ್ಟಣ ಕಟ್ಟಿ ಕಳಿಸೋದು, ಇವೂ ಕೆಲಸವೇ ಅಲ್ವಾ? ಅದರ ಹೊತ್ತನ್ನೂ ಬರೆದುಕೋ. ನೂಲಿನ ಖರ್ಚು, ನಿನ್ನ ಗಂಟೆಗಳ ಕೂಲಿ, ಅಂಚೆ, ಪೊಟ್ಟಣ, ಸವೆಯುವ ಕಡ್ಡಿ, ಸಾಬೂನು, ಎಲ್ಲ ಸೇರಿಸಿ ಬಂದದ್ದೇ ತಳದ ಬೆಲೆ. ಅದಕ್ಕಿಂತ ಕೆಳಗೆ ಇಳಿಯಬೇಡ. "ಮನೆಯಲ್ಲೇ ಕೂತು ಮಾಡೋದಲ್ವಾ, ಅದಕ್ಕೇನು ಖರ್ಚು" ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರ ಜೊತೆ ವಾದ ಬೇಡ. ನಗುತ್ತಾ 20 ಗಂಟೆ ಅಂತ ಹೇಳು, ಸಾಕು.

ಲೆಕ್ಕ ಹಾಕಿದಾಗ ಬೆಲೆ ಜಾಸ್ತಿ ಅನ್ನಿಸಿದರೆ ಗಂಟೆಯ ಕೂಲಿ ಇಳಿಸಬೇಡ. ವಸ್ತುವನ್ನೇ ಬದಲಾಯಿಸು. ದಪ್ಪ ನೂಲು, ದಪ್ಪ ಕಡ್ಡಿ ಹಿಡಿದರೆ ಅದೇ ಜಾಗ ಬೇಗ ತುಂಬುತ್ತದೆ. ಟೋಪಿ, ಕೈಗವಸು, ಫೆಲ್ಟಿನ (ಉಣ್ಣೆಯನ್ನು ಕುಗ್ಗಿಸಿ ಗಟ್ಟಿ ಮಾಡಿದ ಬಟ್ಟೆಯ) ಸಣ್ಣ ಚೀಲ, ಇವು ಗಂಟೆಗಳನ್ನು ಜಾಸ್ತಿ ತಿನ್ನುವುದಿಲ್ಲ. ದೊಡ್ಡ ಹೊದಿಕೆಗಳನ್ನು ಮೊದಲೇ ಆರ್ಡರ್ ಕೊಟ್ಟು ಮುಂಗಡ ಕೊಟ್ಟವರಿಗೆ ಮಾತ್ರ ಮಾಡು.

ಈಗ ಆ ತುಂಡನ್ನು ಒಗೆ. ಇಲ್ಲಿ ಅವಸರ ಬೇಡ, ನನಗೆ ಇದು ಬೆಲೆಗಿಂತ ಮುಖ್ಯ.

ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರಗಳಿರುತ್ತವೆ. ಬಿಸಿ, ನೀರು, ತಿಕ್ಕಾಟ ಮೂರೂ ಸೇರಿದರೆ ಆ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಫೆಲ್ಟ್ ಮಾಡುವವರಿಗೆ ಅದೇ ವರ. ಸ್ವೆಟರ್ ಕೊಂಡು ಮೆಷಿನ್‌ಗೆ ಹಾಕಿದವರಿಗೆ ಅದೇ ಕಣ್ಣೀರು. ಸೂಪರ್‌ವಾಷ್ ಅಂತ ಬರೆದಿರುವ ನೂಲಿನಲ್ಲಿ ಸಾಮಾನ್ಯವಾಗಿ ಆ ಪದರಗಳನ್ನು ಕ್ಲೋರಿನ್‌ನಿಂದ ಸವೆಸಿ ಮೇಲೊಂದು ತೆಳು ರಾಳದ ಲೇಪ ಕೊಟ್ಟಿರುತ್ತಾರೆ. ಅದಕ್ಕೇ ಅದು ಮೆಷಿನ್ ತಡೆಯುತ್ತದೆ. ಆದರೆ ಒದ್ದೆಯಾದಾಗ ಜೋತು ಬಿದ್ದು ಉದ್ದವಾಗುವುದೂ ಉಂಟು. ನಿನ್ನ ನೂಲು ಯಾವುದು ಅಂತ ತುಂಡು ಹೇಳುತ್ತದೆ. 15 ಇದ್ದದ್ದು ಒಗೆದು ಒಣಗಿದ ಮೇಲೆ 14 ಆದರೆ, ನೂರು ಸೆಂಟಿಮೀಟರ್ ಸುತ್ತಳತೆಯ ಸ್ವೆಟರ್ 93ಕ್ಕೆ ಬಂದು ನಿಲ್ಲುತ್ತದೆ. ಕೊಂಡವರ ಮನೆಯಲ್ಲಿ ಅದು ಆಗುವುದಕ್ಕಿಂತ ನಿನ್ನ ಮನೆಯಲ್ಲಿ ತುಂಡಿಗೆ ಆಗಲಿ.

ಇನ್ನೊಂದು ತುಂಡನ್ನು ಬೇಕಂತಲೇ ಕೆಡಿಸು. ಬಿಸಿ ನೀರು, ಮೆಷಿನ್, ಏನು ಬೇಕಾದರೂ ಮಾಡು. ಆಗ ಚೀಟಿಯಲ್ಲಿ "ಕೈಯಲ್ಲಿ ಒಗೆಯಿರಿ, ತಣ್ಣೀರು, ಹಿಂಡಬೇಡಿ, ಮಟ್ಟಸವಾಗಿ ಹರಡಿ ಒಣಗಿಸಿ" ಅಂತ ಬರೆಯುವಾಗ ಯಾಕೆ ಬರೆಯುತ್ತಿದ್ದೀಯ ಅಂತ ನಿನಗೇ ಗೊತ್ತಿರುತ್ತದೆ. ಸೋಡಾ ಇರುವ ಗಡಸು ಸಾಬೂನು ಉಣ್ಣೆಯನ್ನು ತಿನ್ನುತ್ತದೆ, ಅದನ್ನೂ ಬರೆ.

ಚುಚ್ಚುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಒಣಗಿದ ತುಂಡನ್ನು ಕತ್ತಿನ ಪಕ್ಕಕ್ಕೆ ಇಟ್ಟುಕೊಂಡು ಒಂದು ಗಂಟೆ ಬೇರೆ ಕೆಲಸ ಮಾಡು. 30 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಎಳೆಗಳ ತುದಿ ಬಾಗದೆ ಚರ್ಮಕ್ಕೆ ಒತ್ತುತ್ತದೆ, ಅದೇ ಚುಚ್ಚುವುದು. ಮೆರಿನೋ ಕುರಿಯ ಎಳೆ ಸಾಮಾನ್ಯವಾಗಿ 24ಕ್ಕಿಂತ ಸಪೂರ, ಹಾಗಾಗಿ ಮೆತ್ತಗಿರುತ್ತದೆ, ಅಷ್ಟೇ ಬೇಗ ತಿಕ್ಕಿದ ಜಾಗದಲ್ಲಿ ಸಣ್ಣ ಉಂಡೆಗಳೂ ಏಳುತ್ತವೆ. ಒರಟು ಉಣ್ಣೆಯನ್ನು ಕೀಳಾಗಿ ನೋಡಬೇಡ. ಚೀಲ, ಚಾಪೆ, ಮೇಲಂಗಿಗೆ ಅದೇ ಬಾಳಿಕೆ. ಕತ್ತಿಗೆ ಸುತ್ತುವ ವಸ್ತುವಿಗೆ ಮಾತ್ರ ಅದನ್ನು ಹಿಡಿಯಬೇಡ, ಎಷ್ಟೇ ಚಂದ ಕಂಡರೂ.

ಬಣ್ಣ ನೀನೇ ಹಾಕುತ್ತೀಯಾದ್ದರಿಂದ ತುಂಡಿಗೆ ಇನ್ನೂ ಎರಡು ಪರೀಕ್ಷೆ ಇದೆ. ಅರ್ಧ ಭಾಗಕ್ಕೆ ದಪ್ಪ ಕಾಗದ ಸುತ್ತಿ ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವಾರ ಬಿಡು. ಆಮೇಲೆ ಕಾಗದ ಬಿಚ್ಚಿ ಎರಡು ಭಾಗವನ್ನೂ ಹೋಲಿಸಿದರೆ ಬಣ್ಣ ಎಷ್ಟು ಮಾಸಿದೆ ಅಂತ ಗೊತ್ತಾಗುತ್ತದೆ. ಅರಿಶಿನದ ಹಳದಿ ಕಣ್ಣಿಗೆ ಹಬ್ಬ, ಆದರೆ ಬಿಸಿಲಿಗೆ ನಿಲ್ಲುವುದಿಲ್ಲ. ಮಾರುವ ವಸ್ತುವಿಗೆ ಬೇಡವೇ ಬೇಡ. ಬಣ್ಣ ಅಂಟಿಕೊಳ್ಳಲಿ ಅಂತ ಮೊದಲು ಪಟಿಕ ಹಿಡಿಸಿದ ಉಣ್ಣೆಯ ಮೇಲೆ ಮಂಜಿಷ್ಠದ ಬೇರಿನ ಕೆಂಪು ಚೆನ್ನಾಗಿ ನಿಲ್ಲುತ್ತದೆ. ಪಟಿಕ ಒಣ ಉಣ್ಣೆಯ ತೂಕದ 10ರಿಂದ 15 ಶೇಕಡ ಇರಲಿ, ಜಾಸ್ತಿ ಹಾಕಿದರೆ ಎಳೆ ಅಂಟಂಟಾಗುತ್ತದೆ. ಎರಡನೆಯದು, ಬಿಳಿ ಬಟ್ಟೆ ಒದ್ದೆ ಮಾಡಿ ತುಂಡಿನ ಮೇಲೆ ಉಜ್ಜು. ನೀಲಿ ಬಣ್ಣ ಸರಿಯಾಗಿ ತೊಳೆಯದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಮತ್ತೆ, ಬಣ್ಣದ ಪಾತ್ರೆ, ಸೌಟು ಅಡುಗೆಗೆ ಎಂದೂ ಹೋಗಬಾರದು. ಪುಡಿ ಅಳೆಯುವಾಗ ಮೂಗಿಗೆ ಮಾಸ್ಕ್ ಹಾಕಿಕೋ. ಇದು ನಿನ್ನ ಅಮ್ಮನ ಮಾತು, ವ್ಯಾಪಾರದ್ದಲ್ಲ.

ಒಂದು ವಸ್ತುವಿಗೆ ಬೇಕಾದಷ್ಟೂ ನೂಲಿಗೆ ಒಟ್ಟಿಗೇ ಬಣ್ಣ ಹಾಕು. ಕೊಂಡ ನೂಲಾದರೆ ಒಂದೇ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು) ನೋಡಿ ತಗೋ, ಒಂದು ಲಡಿ ಹೆಚ್ಚಿಗೇ ಇರಲಿ. ಅರ್ಧದಲ್ಲಿ ನೂಲು ಮುಗಿದು ಇನ್ನೊಂದು ಲಾಟ್ ಸೇರಿಸಿದರೆ ಆ ಗೆರೆಯನ್ನು ಯಾರೂ ಮರೆಮಾಡಲಾರರು.

ಚೀಟಿಯಲ್ಲಿ "ಶುದ್ಧ ಉಣ್ಣೆ" ಅಂತ ಬರೆಯುವ ಮೊದಲು ನೂಲಿನ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡು, ಪಕ್ಕದಲ್ಲಿ ನೀರಿರಲಿ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಿಶ್ರಣವಾಗಿದ್ದರೆ ಮಿಶ್ರಣ ಅಂತಲೇ ಬರೆ, ಅದರಲ್ಲಿ ನಾಚಿಕೆಯೇನಿಲ್ಲ. ಉಣ್ಣೆಯ ಸುರುಳಿಯಂಥ ಆ ವುಲ್‌ಮಾರ್ಕ್ ಚಿಹ್ನೆ ಇದೆಯಲ್ಲ, 1964ರಿಂದ ಇರುವುದು, ಅದು ಸುಮ್ನೆ ಚಂದಕ್ಕೆ ಹಾಕುವ ಚಿತ್ರವಲ್ಲ. ಪರೀಕ್ಷೆ ಮಾಡಿಸಿ ಅನುಮತಿ ಪಡೆದವರಷ್ಟೇ ಹಾಕಬಹುದು. ಚೀಟಿಗೆ ನಿನ್ನದೇ ಗುರುತು ಮಾಡಿಕೋ.

ತುಂಡುಗಳನ್ನೆಲ್ಲ ಒಂದು ದಪ್ಪ ಪುಸ್ತಕಕ್ಕೆ ಹೊಲಿದಿಡು. ಪಕ್ಕದಲ್ಲಿ ನೂಲು, ಲಾಟ್, ಕಡ್ಡಿಯ ಅಳತೆ, ಒಗೆಯುವ ಮೊದಲಿನ ಮತ್ತು ಆಮೇಲಿನ ಅಳತೆ, ತೂಕ, ಹೊತ್ತು. ಮುಂದಿನ ವರ್ಷ ಯಾರೋ ಬಂದು "ಅದೇ ಥರದ್ದು ಇನ್ನೊಂದು ಬೇಕು" ಅಂದಾಗ ಪುಟ ತೆರೆದರೆ ಸಾಕು. ಆದರೆ ಆ ಪುಸ್ತಕಕ್ಕೂ ಹುಳು ಬೀಳುತ್ತದೆ ಅನ್ನೋದು ನೆನಪಿರಲಿ. ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಕತ್ತಲೆ, ಬೆವರು, ಕೊಳೆ ಅದಕ್ಕೆ ಇಷ್ಟ. ಎಲ್ಲವನ್ನೂ ಒಗೆದೇ ಇಡು, ಆಗಾಗ ಹೊರಗೆ ತೆಗೆದು ಕೊಡವು. ಹೊಸದಾಗಿ ಬಂದ ಉಣ್ಣೆಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟು, ಆಮೇಲೆ ಮಾತ್ರ ಉಳಿದದ್ದರ ಜೊತೆ ಸೇರಿಸು.

ನಿನ್ನ ಕೈ ಬಗ್ಗೆ ನನಗೆ ಚಿಂತೆ ಇದೆ. 20 ಗಂಟೆಯ ಕೆಲಸವನ್ನು ಎರಡು ದಿನದಲ್ಲಿ ಮುಗಿಸುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡ. ದಿನಕ್ಕೆ ಮೂರು ಗಂಟೆ ಹೆಣೆದರೆ ಒಂದು ವಾರ, ಒಗೆದು ಒಣಗಿಸೋದಕ್ಕೆ ಮೂರು ದಿನ. ಹತ್ತು ದಿನ ಕೇಳು. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಡು. ಮಣಿಕಟ್ಟು ಜುಮ್ಮೆಂದರೆ ಅವತ್ತಿಗೆ ಸಾಕು ಅಂತಲೇ ಅರ್ಥ, ತಡವಾಗುತ್ತದೆ ಅಂತ ಕೊಂಡವರಿಗೆ ಎರಡು ಸಾಲು ಬರೆದುಬಿಡು. ಕಾಯುವವರು ಕಾಯುತ್ತಾರೆ.

ಮಫ್ಲರ್‌ನ ತುಂಡು ಒಗೆದು ಒಣಗಿದ ಮೇಲೆ ತೂಕ, ಅಳತೆ, ನಿಮಿಷ ಮೂರನ್ನೂ ನನಗೆ ಕಳಿಸು. ಲೆಕ್ಕ ಇಬ್ಬರೂ ಕೂತು ಮಾಡೋಣ.

ನಿನ್ನ ಅಮ್ಮ