ಆ 15 ಸಾವಿರ ಹೆಂಗಸರನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಚೀನಾದ ಹಕ್ಕಾ ಜನರ ಮೂಲದ ಬಗ್ಗೆ ಬಂದ ಲೇಖನ ಓದಿದೆ. ಹಕ್ಕ–ಬುಕ್ಕರ ಹಕ್ಕನಾ ಎಂದು ಮೊಮ್ಮಗಳು ಕೇಳಿದಳು. ಅಲ್ಲ, ‘ಅತಿಥಿ ಮನೆತನದವರು’ ಎಂಬ ಅರ್ಥದ ಚೀನೀ ಹೆಸರು ಎಂದೆ. ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ, ದಕ್ಷಿಣವನ್ನು ಗೆದ್ದ ಸೈನಿಕರ ಶುದ್ಧ ವಂಶ ಅವರದು ಎಂದು ಲೇಖನ ಒಂದೇ ಸಾಲಿನಲ್ಲಿ ಮುಗಿಸಿದೆ. ಸೇನೆಯಲ್ಲಿ 17 ವರ್ಷ ದುಡಿದು ಬಂದ ನನಗೆ ಆ ಸಾಲು ಒಪ್ಪಿಗೆಯಾಗಲಿಲ್ಲ.

ಹೋದವರು ಯಾರು ನೋಡಿ. ಕ್ರಿ.ಪೂ. 214ರಲ್ಲಿ ದಕ್ಷಿಣದ ಈಗಿನ ಗುವಾಂಗ್‌ಡಾಂಗ್, ಗುವಾಂಗ್‌ಶಿ ಪ್ರಾಂತ್ಯಗಳ ಕಡೆಗೆ ಯಾರನ್ನು ಕಳಿಸಿದರು ಎಂದು ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾರೆ. ತಲೆಮರೆಸಿಕೊಂಡು ತಿರುಗಿದವರು, ಮನೆಅಳಿಯಂದಿರು, ವ್ಯಾಪಾರಿಗಳು. ಬೇಡವಾದವರನ್ನು ಹುಡುಕಿ ಗಡಿಗೆ ದಬ್ಬಿದ್ದು, ಅಲ್ವಾ? ಅವರಿಗಿಂತ ಮೊದಲು ಹೋದ ಸೇನೆಯ ಪಾಡು ಇನ್ನೂ ಕಷ್ಟದ್ದು. ದವಸ ಸಾಗಿಸಲು ಶಿಯಾಂಗ್ ಮತ್ತು ಲಿ ನದಿಗಳ ನಡುವೆ ಲಿಂಗ್‌ಚು ಕಾಲುವೆಯನ್ನೇ ತೋಡಬೇಕಾಯಿತು. ಅಲ್ಲಿಯ ಯುವೆ ಜನ ಕಾಡು ಸೇರಿ ರಾತ್ರಿ ಹೊತ್ತು ಮೇಲೆ ಬಿದ್ದರು. ಸೇನಾಪತಿ ತು ಸುಯಿಯೇ ಸತ್ತ. ಮೂರು ವರ್ಷ ಕವಚ ಬಿಚ್ಚಲಿಲ್ಲ ಎಂದು ಹಳೆಯ ಬರಹ ಹೇಳುತ್ತದೆ. ಗಡಿಯಲ್ಲಿ ಬೂಟು ಕಳಚದೆ ಮಲಗಿದವನಿಗೆ ಅದು ಗೊತ್ತಾಗುತ್ತದೆ.

ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಗುವಾಂಗ್‌ಡಾಂಗ್‌ನ ಲಾಂಗ್‌ಚುವಾನ್ ಎಂಬಲ್ಲಿ ಅಧಿಕಾರಿಯಾಗಿದ್ದ ಝಾವೋ ತುವೋ ಚಕ್ರವರ್ತಿಗೆ ಒಂದು ಮನವಿ ಕಳಿಸಿದ. ಸೈನಿಕರ ಬಟ್ಟೆ ಹೊಲಿಯಲು ಮದುವೆಯಾಗದ 30 ಸಾವಿರ ಹೆಂಗಸರು ಬೇಕು ಎಂದ. ಚಕ್ರವರ್ತಿ 15 ಸಾವಿರಕ್ಕೆ ಒಪ್ಪಿದ. ಇದೂ ಸಿಮಾ ಚಿಯಾನ್ ಗ್ರಂಥದಲ್ಲೇ ಇದೆ. ನನ್ನ ಟ್ರಂಕಿನಲ್ಲಿ ಸೂಜಿ ದಾರದ ಡಬ್ಬಿ ಸದಾ ಇರುತ್ತಿತ್ತು. ಕಿತ್ತ ಗುಂಡಿಯನ್ನು ನಾವೇ ಹೊಲಿದುಕೊಳ್ಳುತ್ತಿದ್ದೆವು. ಹೊಲಿಗೆ ಬರೀ ನೆಪ. ಗಂಡಸರು ಊರಿಗೆ ಮರಳದೆ ಅಲ್ಲೇ ನೆಲೆಸಲಿ ಎಂಬುದೇ ಉದ್ದೇಶ ಎಂದು ನನಗನ್ನಿಸುತ್ತದೆ. ಅಪ್ಪ ಅಮ್ಮನನ್ನು ಬಿಟ್ಟು ಹೊರಟ ಆ ಹುಡುಗಿಯರಲ್ಲಿ ಒಬ್ಬಳ ಹೆಸರೂ ಉಳಿದಿಲ್ಲ. ನಿಮ್ಮ ಲೇಖನದಲ್ಲಂತೂ ಅವರ ಸುದ್ದಿಯೇ ಇಲ್ಲ.

ಲೆಕ್ಕವನ್ನೂ ನೋಡಿ. ದಕ್ಷಿಣಕ್ಕೆ ಹೋದ ಸೇನೆ 5 ಲಕ್ಷ ಎಂದು ಹಳೆಯ ಬರಹದಲ್ಲಿದೆ. ಅದು ಜಾಸ್ತಿಯೇ ಆಯಿತು ಅನ್ನೋಣ. ಆದರೂ 15 ಸಾವಿರ ಹೆಂಗಸರು ಎಲ್ಲಿ ಸಾಲುತ್ತಾರೆ? ಅಲ್ಲಿ ಹುಟ್ಟಿದ ಎಷ್ಟೋ ಮಕ್ಕಳ ತಾಯಂದಿರು ಯುವೆ ಹೆಂಗಸರೇ ಆಗಿರಬೇಕು. ಹಾಗಿರುವಾಗ ಶುದ್ಧ ವಂಶ ಎನ್ನುವುದು ಹೇಗೆ?

ಈಗಲೂ ಲಾಂಗ್‌ಚುವಾನ್ ಹಕ್ಕಾ ಜನರ ಸೀಮೆ. ಅಲ್ಲಿಯವರು ಝಾವೋ ತುವೋನನ್ನು ಹೆಮ್ಮೆಯಿಂದ ನೆನೆಯುವುದು ಸರಿಯೇ. ಆದರೆ ಹಕ್ಕಾ ಕಥೆ ಅವನಿಂದ ಮುಗಿಯುವುದಿಲ್ಲ. ಕ್ರಿ.ಶ. 311ರಲ್ಲಿ ರಾಜಧಾನಿ ಲುವೋಯಾಂಗ್ ಬಿದ್ದ ಮೇಲೆ, ಆಮೇಲೆ 9ನೇ ಶತಮಾನದ ಹುವಾಂಗ್ ಚಾವೋ ದಂಗೆಯಲ್ಲಿ, ಮಂಗೋಲರ ಕಾಲದಲ್ಲಿ ಉತ್ತರದಿಂದ ಜನ ಬರುತ್ತಲೇ ಇದ್ದರು. ಜಿಯಾಂಗ್‌ಶಿ, ಫುಜಿಯಾನ್, ಗುವಾಂಗ್‌ಡಾಂಗ್ ಕೂಡುವ ಬೆಟ್ಟಗಳಲ್ಲಿ ಅಲ್ಲಿಯ ಬೆಟ್ಟದ ಬುಡಕಟ್ಟಾದ ಶೆ ಜನರ ಜೊತೆ ಬಾಳಿದರು. ಹಕ್ಕಾ ನುಡಿ ಬೆಳೆದದ್ದು ಆ ಬೆಟ್ಟಗಳಲ್ಲೇ. 17ನೇ ಶತಮಾನದಲ್ಲಿ ಚಿಂಗ್ ದೊರೆಗಳು ಕರಾವಳಿಯನ್ನು ಖಾಲಿ ಮಾಡಿಸಿ, ಮತ್ತೆ ತೆರೆದರು. ಬೆಟ್ಟದವರು ಕೆಳಗಿಳಿದು ಬಂದರು. ‘ಅತಿಥಿ’ ಎಂಬ ಹೆಸರು ಅವರಿಗೆ ಗಟ್ಟಿಯಾಗಿ ಅಂಟಿದ್ದು ಆಗ. ಆ ಸೈನಿಕರು ಹೋಗಿ ಹತ್ತಿರ ಹತ್ತಿರ 1,900 ವರ್ಷ ಆಗಿತ್ತು.

ಲೇಖನದ ಎರಡನೇ ಭಾಗ ಬರಲಿದೆ ಎಂದು ಹಾಕಿದ್ದೀರಿ. ಅದರಲ್ಲಿ ಯುದ್ಧದ ನಕ್ಷೆಯ ಪಕ್ಕದಲ್ಲಿ ಆ ಹೆಂಗಸರ ಬಗ್ಗೆ, ಯುವೆ ತಾಯಂದಿರ ಬಗ್ಗೆ ನಾಲ್ಕು ಸಾಲು ಹಾಕಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ನಿವೃತ್ತ ಹವಾಲ್ದಾರ